ಅವ್ವನ ನೇರ ಹೊಲಿಗೆ



ಮೊನ್ನೆ ಊರಿಗೆ ಹೋದಾಗ ಅವ್ವನ ಹಳೇ ಹೊಲಿಗೆ ಮಿಷನ್ ಒರೆಸಿ ಎಣ್ಣೆ ಬಿಟ್ಟೆ. ಸೂಜಿಯಿಂದ ಅರ್ಧ ಇಂಚು ಬಲಕ್ಕೆ ಅವಳು ಅಂಟಿಸಿದ್ದ ಪ್ಲಾಸ್ಟರ್ ಪಟ್ಟಿ ಇನ್ನೂ ಹಾಗೇ ಇತ್ತು. ಅದನ್ನ ನೋಡಿ ಇದನ್ನ ಬರೀಬೇಕು ಅನ್ನಿಸ್ತು.

ಅವ್ವ ಹುಡುಗಿಯಾಗಿದ್ದಾಗ ಊರಿನ ದರ್ಜಿ ನಮ್ಮ ಕೇರಿಯವರ ಮೈಗೆ ಟೇಪು ತಾಗಿಸ್ತಿರಲಿಲ್ಲ. ಜಗುಲಿ ಕೆಳಗೆ ನಿಲ್ಲಿಸಿ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸೋನು. ರವಿಕೆ ಹೆಗಲಲ್ಲಿ ಬಿಗಿ, ತೋಳಲ್ಲಿ ದೊಗಳೆ, ಹೊಲಿಗೆ ಸೊಟ್ಟ. ಕೇಳಿದ್ರೆ "ನಿಮಗೆ ಇಷ್ಟು ಸಾಕು" ಅನ್ನೋನು. ದುಡ್ಡು ಮಾತ್ರ ಎಲ್ಲರಷ್ಟೇ ತಗೊಳ್ತಿದ್ದ.

ಬಟ್ಟೆಯ ವಿಷಯದಲ್ಲಿ ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದರು. 1859ರಲ್ಲಿ ರಾಜ ಕೊನೆಗೂ ಆದೇಶ ಹೊರಡಿಸಿದ. ಅದರಲ್ಲೂ ಒಂದು ಕೊಕ್ಕೆ: ಕುಪ್ಪಸ ತೊಡಬಹುದು, ಆದರೆ ಮೇಲ್ಜಾತಿ ಹೆಂಗಸರ ರೀತಿಯಲ್ಲಿ ಮೇಲುವಸ್ತ್ರ ಹೊದೆಯುವಂತಿಲ್ಲ! 1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ನಮ್ಮ ಹೆಣ್ಣುಮಕ್ಕಳನ್ನ ಕೂರಿಸಿಕೊಂಡು, ಸೀರೆ ಉಡುವ ರೀತಿ ಬದಲಿಸಿ, ಜಾತಿ ಗುರುತು ಹೇಳುವ ಒಡವೆ ಬಿಡಿ ಅಂದರು. ಉಡುಗೆ ನೋಡಿಯೇ ಜನ ಜಾತಿ ಅಳೀತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ಇನ್ನು ಮಿಷನ್ ಕತೆ. ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. 1930ರ ದಶಕದಲ್ಲಿ ಕಲ್ಕತ್ತಾದಲ್ಲಿ ಉಷಾ ಮಿಷನ್ ತಯಾರಾಗತೊಡಗಿತು. ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಮಿಷನ್ನನ್ನ ಅವ್ವ ಕೂಲಿ ದುಡ್ಡು ಕೂಡಿಟ್ಟು ತಂದಳು. ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಬಟ್ಟೆಯೊಳಗೆ ಒಂದನ್ನೊಂದು ಹಿಡಿದುಕೊಂಡರೆ ಹೊಲಿಗೆ ಆಯ್ತು. ತುಳಿಯೋ ಕಾಲು ಯಾರದ್ದು ಅಂತ ಮಿಷನ್ ಕೇಳಲ್ಲ.

ನನಗೂ ಕಲಿಸಿದಳು. ಮೊದಲು ದಾರ ಹಾಕದೆ, ನನ್ನ ಶಾಲೆ ನೋಟ್‌ಬುಕ್ಕಿನ ಗೆರೆ ಹಾಳೆ ಮೇಲೆ ಸೂಜಿ ಓಡಿಸೋದು. ತೂತು ಗೆರೆ ತಪ್ಪಿದ್ರೆ ಇನ್ನೊಂದು ಹಾಳೆ. ಆಮೇಲೆ ಚಿಂದಿ ಬಟ್ಟೆ. "ಸೂಜಿ ನೋಡಬೇಡ, ಅದು ಕುಣೀತಾನೇ ಇರುತ್ತೆ, ಕಣ್ಣು ತಪ್ಪಿಸುತ್ತೆ. ಬಟ್ಟೆ ಅಂಚು ಪಟ್ಟಿಗೆ ತಾಗಿಕೊಂಡು ಹೋಗ್ತಿದೆಯಾ, ಅದನ್ನ ನೋಡು. ಎಳೀಬೇಡ, ಕೆಳಗಿನ ಹಲ್ಲು ತಾನೇ ಮುಂದಕ್ಕೆ ಒಯ್ಯುತ್ತೆ. ಕೈ ಬರೀ ದಾರಿ ತೋರಿಸಬೇಕು." ಶುರುವಲ್ಲಿ, ಕೊನೆಯಲ್ಲಿ ನಾಲ್ಕು ಹೊಲಿಗೆ ಹಿಂದಕ್ಕೆ ಹಾಕಿದ್ರೆ ಬಿಚ್ಚಲ್ಲ. ಕೇರಿಯ ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿದು, ಮುಟ್ಟಿ ಅಳತೆ ತಗೊಂಡ ಮೊದಲ ಟೈಲರ್ ನಮ್ಮವ್ವ. ಆವತ್ತಿಂದ ನಮ್ಮ ರವಿಕೆಗಳು ಮೈಗೆ ಸರಿಯಾಗಿ ಕೂತವು.

ಅದೇ ಕೈಗುಣ ಹಿಡಿದು ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದಳು. ದಿನವಿಡೀ ಕಾಲರ್ ಹೊಲಿಗೆ. ಒಂದು ನೂಲು ಅತ್ತಿತ್ತ ಆದ್ರೆ ಪೀಸ್ ವಾಪಸ್ಸು, ಮೇಲಿಂದ ಬೈಗುಳ. ಇಷ್ಟು ನಿಖರವಾದ ಕೆಲಸಕ್ಕೆ ಜನ ಕೊಡೋ ಹೆಸರು "ಸುಮ್ನೆ ಹೊಲಿಯೋ ಕೆಲಸ". ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನ 58 ವರ್ಷ ಆಗೋವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಈ "ಸುಮ್ನೆ ಹೊಲಿಯೋ" ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಲಾಠಿ, ಅಶ್ರುವಾಯು ಎರಡನ್ನೂ ಕಂಡರು. 19ರಂದೇ ಸರ್ಕಾರ ನಿಯಮ ವಾಪಸ್ ತಗೊಂಡಿತು.

ನಮ್ಮ ಚರಿತ್ರೆ ಬರೆಯುವಾಗ ಕೆರೆ, ದೇವಸ್ಥಾನ, ಹೋಟೆಲ್ ಎಲ್ಲಾ ಬರುತ್ತೆ. ದರ್ಜಿಯ ಜಗುಲಿಯೂ ಬರಲಿ, ಅವ್ವಂದಿರ ಮಿಷನ್ನೂ ಬರಲಿ. ನಿಮ್ಮ ಕೇರಿಯಲ್ಲಿ ಮೊದಲು ಮಿಷನ್ ತಂದವರು ಯಾರು? ಬದುಕಿದ್ದರೆ ಈ ವಾರವೇ ಹೋಗಿ ಕೇಳಿ, ಬರೆದಿಡಿ.

ನಾನು ಆ ಪ್ಲಾಸ್ಟರ್ ಪಟ್ಟಿ ಕಿತ್ತಿಲ್ಲ. ಅಕ್ಕನ ಮಗಳು ಅದರ ಮೇಲೇ ಕಲೀತಿದ್ದಾಳೆ.

ಜೈ ಭೀಮ್.