ಗ್ರೀಕರ ಡಿಮಿಟರ್, ನಮ್ಮ ಎಲ್ಲಮ್ಮ

ಗ್ರೀಕ್ ನಾಗರಿಕತೆಯ ಪಾಠದಲ್ಲಿ ನಾನು ಡಿಮಿಟರಳ ಕಥೆಯನ್ನು ತಪ್ಪದೆ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಮಗಳು ಪರ್ಸೆಫೊನೆಯನ್ನು ಪಾತಾಳದೊಡೆಯ ಹೇಡಿಸ್ ಅಪಹರಿಸಲು, ಧಾನ್ಯದೇವತೆಯಾದ ಈ ತಾಯಿ ಶೋಕದಿಂದ ಭೂಮಿಯಲ್ಲಿ ಬೆಳೆಯೇ ಬಾರದಂತೆ ಮಾಡಿದಳು. ಮಗಳು ಮರಳಿದಳು, ನೆಲ ಹಸಿರಾಯಿತು. ಆದರೆ ಅಲ್ಲಿ ದಾಳಿಂಬೆಯ ಕಾಳು ತಿಂದಿದ್ದರಿಂದ ವರ್ಷದ ಮೂರರಲ್ಲೊಂದು ಭಾಗ ಆಕೆಗೆ ಪಾತಾಳವಾಸ ತಪ್ಪಲಿಲ್ಲ. ಅಥೆನ್ಸ್ ಸಮೀಪದ ಎಲ್ಯೂಸಿಸ್‌ನಲ್ಲಿ ಕ್ರಿ.ಶ. 4ನೇ ಶತಮಾನದ ಕೊನೆಯವರೆಗೂ ಈ ತಾಯಿ-ಮಗಳ ಹೆಸರಿನಲ್ಲಿ ರಹಸ್ಯಾಚರಣೆಗಳು ನಡೆದವು.

ಸವದತ್ತಿಯ ಎಲ್ಲಮ್ಮನ ಕಥೆಯೂ ಇದಕ್ಕೆ ಹತ್ತಿರವೇ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿಯನ್ನು ಕಳೆದುಕೊಂಡು ದೇವಿ ವಿಧವೆಯಾಗುತ್ತಾಳೆ. ಭಾರತ ಹುಣ್ಣಿಮೆಗೆ, ಅಂದರೆ ನಮ್ಮ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯ ಹೊತ್ತಿಗೆ, ಮತ್ತೆ ಮುತ್ತೈದೆ. ದೇವಿಗೆ ಬಿಟ್ಟ ಹೆಣ್ಣುಮಕ್ಕಳೂ ಆಕೆಯೊಡನೆ ಬಳೆ ಒಡೆದು, ಮತ್ತೆ ತೊಡುತ್ತಿದ್ದರು. (ಹಾಗೆ ಬಿಡುವುದನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ.) ಶೋಕಕ್ಕೂ ಒಂದು ಅವಧಿಯುಂಟು ಎಂಬುದೇ ಎರಡೂ ಕಥೆಗಳ ತಿರುಳೆಂದು ಬೋಧಿಸುತ್ತಿದ್ದೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಎಲ್ಲವ್ವಗ ಎರಡ ತಿಂಗಳಿಗೆ ಬಳಿ ಬರ್ತಾವ್ರಿ. ನಮ್ಮವ್ವಗ ಯಾವಾಗ ಬರ್ತಾವ್ರಿ?"

ಆಕೆಯ ತಂದೆ ತೀರಿಕೊಂಡದ್ದು ಆಗಲೇ ನನಗೆ ತಿಳಿದದ್ದು. ಉತ್ತರ ಹೊಳೆಯಲಿಲ್ಲ. ಮರುವರ್ಷದಿಂದ ಆ ಪಾಠದಲ್ಲಿ ಶೋಕದ ಅವಧಿಯ ಮಾತನ್ನು ಬಿಟ್ಟೆ. ದಾಳಿಂಬೆಯ ಕಾಳಿನ ಬಗ್ಗೆಯೇ ಹೆಚ್ಚು ಹೇಳತೊಡಗಿದೆ.