ಒಂದು ಚಿಕ್ಕ ಮಾತ್ರೆ, ಬೆಳಗಾವಿ ಹಳ್ಳಿಗಳು, ಮತ್ತೆ ನಮ್ಮ "ಮೂರು ತಿಂಗಳು ಯಾರಿಗೂ ಹೇಳ್ಬೇಡ" (ಭಾಗ 6)

ಫೋಟೋದಲ್ಲಿರೋದು ಬಿಸಿಲೆ ಘಾಟ್ ರಸ್ತೆ, ಮಳೆಗಾಲ. ರೀಲ್ಸ್‌ಗೆ ಚೆಂದ. ಆದ್ರೆ ಬಿ.ಪಿ. ಏರಿದ ಬಸುರಿ ಹೆಂಗಸನ್ನ ರಾತ್ರಿ ಇದೇ ರಸ್ತೇಲಿ ಜೀಪ್‌ನಲ್ಲಿ ಸಕಲೇಶಪುರಕ್ಕೆ ಕರ್ಕೊಂಡು ಹೋಗೋದು ಹೇಗಿರುತ್ತೆ ಅಂತ ಒಂದ್ಸಲ ಯೋಚನೆ ಮಾಡಿ. ಇವತ್ತಿನ ಕಥೆ ಅಂಥ ರಾತ್ರಿಗಳನ್ನ ಕಡಿಮೆ ಮಾಡೋ ಒಂದು ಮಾತ್ರೆಯದ್ದು: ಆಸ್ಪಿರಿನ್.

ಕಾಯಿಲೆಗೆ ಹಿರಿಯರು ನಂಜು ಅಂತಾರೆ, ಡಾಕ್ಟರು ಪ್ರೀ-ಎಕ್ಲಾಂಪ್ಸಿಯಾ ಅಂತಾರೆ. ಸಾಮಾನ್ಯವಾಗಿ 20 ವಾರ ದಾಟಿದ್ಮೇಲೆ ಬಿ.ಪಿ. ಏರುತ್ತೆ, ತಲೆನೋವು ಬರುತ್ತೆ, ಕಣ್ಣು ಮಂಜಾಗುತ್ತೆ. ಕೈ ಮೀರಿದ್ರೆ ಫಿಟ್ಸ್. "ಬಸುರಿಗೆ ಕಾಲು ಊದೋದು ಮಾಮೂಲಿ" ಅಂತ ಬಿಟ್ಟುಬಿಡ್ತೀವಲ್ಲ, ಅಲ್ಲೇ ಮೋಸ ಹೋಗೋದು. ಕಾಯಿಲೆ ಕಾಣಿಸ್ಕೊಳ್ಳೋದು ಕೊನೆಗೆ, ಬೇರು ಇರೋದು ಮಾತ್ರ ಮೊದಲ ತಿಂಗಳುಗಳಲ್ಲಿ, ಮಾಸಿಗೆ ರಕ್ತ ತರೋ ನಾಳಗಳು ಸರಿಯಾಗಿ ಅಗಲ ಆಗದೇ ಇರೋದ್ರಲ್ಲಿ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಆಸ್ಪಿರಿನ್ ಅನ್ನು ಜರ್ಮನಿಯ ಬೇಯರ್ ಕಂಪನೀಲಿ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ತಯಾರಿಸಿದ. 1899ರಲ್ಲಿ ಆ ಹೆಸರು ಬಂತು. ಎಪ್ಪತ್ತು ವರ್ಷ ಜನ ತಲೆನೋವಿಗೆ ನುಂಗಿದ್ರು, ಒಳಗೆ ಏನ್ ಕೆಲಸ ಮಾಡುತ್ತೆ ಅನ್ನೋದು 1971ರವರೆಗೆ ಗೊತ್ತೇ ಇರ್ಲಿಲ್ಲ. ತೋರಿಸಿದ್ದು ಜಾನ್ ವೇನ್. 1982ರಲ್ಲಿ ನೊಬೆಲ್ ಬಂತು. ಕಡಿಮೆ ಡೋಸ್ ಕೊಟ್ರೆ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಅನ್ನೋ ವಸ್ತು ಮಾಡೋದು ಕಡಿಮೆಯಾಗುತ್ತೆ. ನಾಳ ಬಿಗಿಯಾಗೋದು, ರಕ್ತ ಹೆಪ್ಪುಗಟ್ಟೋದು ತಗ್ಗುತ್ತೆ.

1979ರಲ್ಲಿ ಕ್ರಾಂಡನ್ ಮತ್ತು ಇಷರ್‌ವುಡ್ ಅನ್ನೋ ಇಬ್ಬರು, ಗರ್ಭಿಣಿಯಾಗಿದ್ದಾಗ ಆಸ್ಪಿರಿನ್ ತಗೊಂಡವರಲ್ಲಿ ಈ ಕಾಯಿಲೆ ಕಡಿಮೆ ಅಂತ ಬರೆದ್ರು. ಎಲ್ರಿಗೂ ಆಸೆ ಹುಟ್ಟಿತು. 1994ರಲ್ಲಿ ಕ್ಲಾಸ್ಪ್ ಅನ್ನೋ ದೊಡ್ಡ ಪರೀಕ್ಷೆ, 9,364 ಹೆಂಗಸರು, ದಿನಕ್ಕೆ 60 ಮಿ.ಗ್ರಾಂ. ಫಲಿತಾಂಶ ಸಪ್ಪೆ. ಅದ್ರಲ್ಲಿ 32 ವಾರದವರೆಗಿನವರನ್ನೂ ಸೇರಿಸ್ಕೊಂಡಿದ್ರು. ಬೇರು ಗಟ್ಟಿಯಾದ್ಮೇಲೆ ಔಷಧ ಹಾಕಿದ ಹಾಗೆ, ಅಂತ ನನಗನ್ಸುತ್ತೆ. 2017ರ ಆಸ್ಪ್ರೆ ಪರೀಕ್ಷೇಲಿ ಅಪಾಯ ಹೆಚ್ಚಿರೋರನ್ನ ಮೊದಲೇ ಗುರುತಿಸಿ, 11ರಿಂದ 14ನೇ ವಾರದೊಳಗೆ ರಾತ್ರಿ 150 ಮಿ.ಗ್ರಾಂ. ಶುರು ಮಾಡಿದ್ರು. 37 ವಾರ ತುಂಬೋ ಮೊದಲೇ ಹೆರಿಗೆ ಆಗ್ಬೇಕಾಗಿ ಬರೋವಂಥ ಪ್ರೀ-ಎಕ್ಲಾಂಪ್ಸಿಯಾ 4.3%ರಿಂದ 1.6%ಕ್ಕೆ ಇಳೀತು.

ಈಗ ನಮ್ಮ ರಾಜ್ಯದ ಭಾಗ. 2016ರಿಂದ 2018ರವರೆಗೆ ಆರು ದೇಶಗಳ ಏಳು ಕಡೆ 11,976 ಚೊಚ್ಚಲ ಬಸುರಿಯರ ಮೇಲೆ ಒಂದು ಪರೀಕ್ಷೆ ನಡೀತು. ಭಾರತದ ಎರಡು ಜಾಗಗಳಲ್ಲಿ ಒಂದು ನಾಗಪುರ, ಇನ್ನೊಂದು ನಮ್ಮ ಬೆಳಗಾವಿ, ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು. ಕಾಂಗೋ, ಕೀನ್ಯಾ, ಜಾಂಬಿಯಾ, ಗ್ವಾಟೆಮಾಲಾ, ಪಾಕಿಸ್ತಾನದ ತಾಯಂದಿರ ಜೊತೆ ಬೆಳಗಾವಿ ತಾಯಂದಿರು! ಅರ್ಧ ಜನಕ್ಕೆ 81 ಮಿ.ಗ್ರಾಂ. ಆಸ್ಪಿರಿನ್, ಅರ್ಧ ಜನಕ್ಕೆ ಅದೇ ಥರ ಕಾಣೋ ಡಮ್ಮಿ ಮಾತ್ರೆ. ಶುರು ಮಾಡಿದ್ದು 14 ವಾರ ತುಂಬೋದ್ರೊಳಗೆ.

2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಅವಧಿಗೆ ಮುಂಚೆ ಹೆರಿಗೆ ಡಮ್ಮಿ ಗುಂಪಲ್ಲಿ 13.1%, ಆಸ್ಪಿರಿನ್ ಗುಂಪಲ್ಲಿ 11.6%. ವ್ಯತ್ಯಾಸ ಒಂದೂವರೆ, ಇಷ್ಟೇನಾ ಅಂತೀರಾ? ಬಿ.ಕಾಂ. ಬುದ್ಧಿ ಬಿಡಲ್ವಲ್ಲ, ಲೆಕ್ಕ ಹಾಕಿದೆ: ಸುಮಾರು 67 ಜನ ಮಾತ್ರೆ ತಗೊಂಡ್ರೆ ಒಂದು ಅಕಾಲ ಹೆರಿಗೆ ತಪ್ಪುತ್ತೆ. ಇಷ್ಟು ಅಗ್ಗದ ಮಾತ್ರೆಗೆ ಈ ರಿಟರ್ನ್ ಕಮ್ಮಿ ಏನಲ್ಲ. ನಿಜ ಹೇಳ್ಬೇಕು ಅಂದ್ರೆ, ಒಟ್ಟು ಬಿ.ಪಿ. ತೊಂದರೆಗಳೇನೂ ಕಡಿಮೆ ಆಗ್ಲಿಲ್ಲ. ಬಿ.ಪಿ. ತೊಂದರೆ ಇದ್ದು 34 ವಾರಕ್ಕೂ ಮುಂಚೆ ಹೆರಿಗೆ ಆಗಿದ್ದು ಮಾತ್ರ 0.4%ರಿಂದ 0.1%ಕ್ಕೆ ಇಳೀತು. ಆಸ್ಪತ್ರೆ ದೂರ ಇರೋ ನಮ್ಮಂಥ ಊರುಗಳಿಗೆ ಭಯ ಇರೋದೇ ಅದ್ರಲ್ಲಿ.

ಆದ್ರೆ ಒಂದು ಸಿಕ್ಕು ಇದೆ. ಮಾತ್ರೆ 16 ವಾರದೊಳಗೆ ಶುರು ಆದ್ರೆ ಒಳ್ಳೇದು. ನಮ್ಮ ಮನೆಗಳಲ್ಲಿ ಮೂರು ತಿಂಗಳು ತುಂಬೋವರೆಗೆ ಬಸುರಿ ಅಂತ ಹೇಳೋದೇ ಇಲ್ಲ, ದೃಷ್ಟಿ ಆಗುತ್ತೆ ಅಂತ. ಆಮೇಲೆ ಮಳೆ, ಆಮೇಲೆ ಕಾಫಿ ಕೊಯ್ಲು. ತಾಯಿ ಕಾರ್ಡ್ ಆಗೋ ಹೊತ್ತಿಗೆ ಕಿಟಕಿ ಅರ್ಧ ಮುಚ್ಚಿರುತ್ತೆ. ನೆಂಟರಿಗೆ ಹೇಳ್ಬೇಡಿ, ಬೇಕಾದ್ರೆ ಅತ್ತೆಗೂ ಹೇಳ್ಬೇಡಿ, ಆಶಾ ಅಕ್ಕನಿಗೆ ಮಾತ್ರ ಹೇಳಿ.

ಇನ್ನೊಂದು: ಇದನ್ನ ಓದ್ಬಿಟ್ಟು ಅಂಗಡಿಯಿಂದ ಮಾತ್ರೆ ತಂದು ಅಕ್ಕನಿಗೆ ಕೊಡ್ಬೇಡಿ. ಯಾರಿಗೆ ಬೇಕು, ಎಷ್ಟು ಡೋಸ್, ಯಾವಾಗ ನಿಲ್ಲಿಸೋದು, ಎಲ್ಲ ಡಾಕ್ಟರೇ ನೋಡ್ಬೇಕು. ನೀವು ಕೇಳ್ಬೇಕಾಗಿರೋದು ಇಷ್ಟೇ: "ಚೊಚ್ಚಲು, ಅಥವಾ ಹಿಂದಿನ ಹೆರಿಗೇಲಿ ಬಿ.ಪಿ. ಇತ್ತು, ಆಸ್ಪಿರಿನ್ ಬೇಕಾ?"

ಮನೇಲಿ ಯಾರಾದ್ರೂ ಬಸುರಿ ಇದ್ರೆ ಈ ಪೋಸ್ಟ್ ಕಳಿಸಿ. ಮುಂದಿನ ಭಾಗ ಬೆಳಗಾವಿ ಹಳ್ಳಿಗಳದ್ದೇ ಇನ್ನೊಂದು ಮಾತ್ರೆ, ಹೆರಿಗೆ ನಂತರದ ರಕ್ತಸ್ರಾವಕ್ಕೆ ಕೊಟ್ಟಿದ್ದು.

#ಬಿಸಿಲೆ #ಸಕಲೇಶಪುರ #ನಮ್ಮಇತಿಹಾಸ