ಒಂದು ಕೈಯ ಕಲ್ಲು, ಸಾವಿರ ಕೈಗಳ ದಾರಿ

ಕಳಸ ನೋಡಲು ಬಂದವರು ಅಂಬಾತೀರ್ಥಕ್ಕೂ ಹೋಗುತ್ತಾರೆ. ಅಲ್ಲಿ ಭದ್ರೆಯ ದಡದಲ್ಲಿ ಒಂದು ಬಂಡೆಯ ಮೇಲೆ ಇನ್ನೊಂದು ದೊಡ್ಡ ಬಂಡೆ ಅಡ್ಡ ಕೂತಿದೆ. ಗಾಡಿ ನಿಲ್ಲಿಸುತ್ತಾರೆ, ಫೋಟೊ ಹಿಡಿಯುತ್ತಾರೆ, ‘ಅಬ್ಬಾ’ ಅನ್ನುತ್ತಾರೆ. 13ನೆಯ ಶತಮಾನದ ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದಿಟ್ಟರೆಂದು ಆ ಕಲ್ಲಿನ ಮೇಲೆಯೇ ಸಂಸ್ಕೃತದಲ್ಲಿ ಕೊರೆದಿದೆ.

ನಂಬುವವರು ನಂಬಲಿ. ನಮ್ಮ ತಕರಾರು ಅದರ ಮೇಲಲ್ಲ. ಆ ಕಥೆಯನ್ನೇ ಇನ್ನೊಂದು ಸಲ ಕಿವಿಗೊಟ್ಟು ಕೇಳೋಣ. ನೀರಿನ ಸೆಳೆತ ತಡೆಯಲು ಜನ ಆ ಕಲ್ಲನ್ನು ಸಾಗಿಸಲು ಹೆಣಗಿದರಂತೆ, ಆಗದೆ ಬಿಟ್ಟರಂತೆ, ಆಮೇಲೆ ಆಚಾರ್ಯರು ಬಂದರಂತೆ. ಅಂದರೆ ಕಥೆಯೊಳಗೆ ದುಡಿಯುವವರು ಇದ್ದಾರೆ, ಸೋತವರಾಗಿ ಮಾತ್ರ. ಅವರು ಯಾರ ಮಕ್ಕಳು, ಯಾವ ಕೇರಿಯವರು? ಕಲ್ಲು ಬಾಯಿ ಬಿಡುವುದಿಲ್ಲ.

ಈ ಮಲೆಯ ಕಾಫಿಯ ಕಥೆಯೂ ಹೀಗೇ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಮೆಕ್ಕೆಯ ಕಡೆಯಿಂದ ಏಳು ಬೀಜ ತಂದರೆಂಬುದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಬೀಜ ತಂದವರ ಹೆಸರಿನಲ್ಲಿ ಗಿರಿಯೇ ಇದೆ, ಇರಲಿ, ಸಂತೋಷ. ಆ ಬೀಜವನ್ನು ಗುಡ್ಡ ಗುಡ್ಡಕ್ಕೆ ಹಬ್ಬಿಸಿದವರ ಹೆಸರಿನ ದಿಬ್ಬ ಎಲ್ಲಿದೆ?

19ನೆಯ ಶತಮಾನದಲ್ಲಿ ಬಿಳಿಯ ದೊರೆಗಳು ಇಲ್ಲಿ ದೊಡ್ಡ ತೋಟಗಳನ್ನು ಎಬ್ಬಿಸಿದರು. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳು ಸೀಮೆಯಿಂದ ಆಳುಗಳು ಬಂದರು. ಅವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಗಳವರು. ಮೇಸ್ತ್ರಿ ಕೊಟ್ಟ ಮುಂಗಡವೇ ಕಾಲಿಗೆ ಹಗ್ಗವಾಯಿತು. ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಜೈಲಿಗೆ ಹಾಕಲು ಬ್ರಿಟಿಷ್ ಸರ್ಕಾರ 1859ರಲ್ಲೇ ಕಾಯ್ದೆ ಮಾಡಿತ್ತು. ಅದನ್ನು ತೆಗೆದುಹಾಕಿದ್ದು 1925ರಲ್ಲಿ. ಕೂಲಿಯವನಿಗೆ ಮನೆ, ಕುಡಿಯುವ ನೀರು, ಔಷಧಿ ಕೊಡಬೇಕೆಂದು ತೋಟದ ಕಾರ್ಮಿಕರ ಕಾಯ್ದೆ ಹೇಳಿದ್ದು 1951ರಲ್ಲಿ. ಅಷ್ಟರೊಳಗೆ ಎಷ್ಟು ತಲೆಮಾರು ಮಣ್ಣಾದವು, ಲೆಕ್ಕ ಹಾಕಿ.

ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಅಚ್ಚು ಹಾಕಿಸಿದರು. ಆಗ ಇದು ಕಡೂರು ಜಿಲ್ಲೆ. ದಾನ ಕೊಟ್ಟ ಅರಸರು, ದಾನ ಪಡೆದ ದೇವಸ್ಥಾನಗಳು ಶಾಸನದಲ್ಲಿ ಉಳಿದವು. ಗದ್ದೆ ಉತ್ತವರು ಉಳಿಯಲಿಲ್ಲ. ಕೊರೆಸಲು ದುಡ್ಡಿದ್ದವನಿಗೆ ಕಲ್ಲು ಸಾಕ್ಷಿ ಹೇಳುತ್ತದೆ.

ಆದ್ದರಿಂದ ಗೆಳೆಯರೆ, ಮೂಡಿಗೆರೆಯಿಂದ ಕಳಸಕ್ಕೆ ಬಸ್ಸಿನಲ್ಲಿ ಹೋಗುವಾಗ ಅಂಬಾತೀರ್ಥದ ಬಂಡೆ ಬರುವ ತನಕ ಕಾಯಬೇಡಿ. ಕಿಟಕಿಯಿಂದ ಮೋರಿ ನೋಡಿ, ತಡೆಗೋಡೆ ನೋಡಿ, ತೋಟದ ಕಲ್ಲುಕಟ್ಟೆ ನೋಡಿ. ತಲೆಯ ಮೇಲೆ ಸಿಂಬಿ ಇಟ್ಟು, ಎರಡು ಕೈಯಲ್ಲಿ ಹಿಡಿದು, ಮಳೆಯಲ್ಲಿ ಕಾಲು ಜಾರುತ್ತ ಹೊತ್ತ ಕಲ್ಲುಗಳು ಅವು. ಇಲ್ಲಿ ಪವಾಡ ಇಲ್ಲ, ಸೊಂಟನೋವು ಇದೆ.

ಮೇಷ್ಟ್ರುಗಳೇ, ಮಕ್ಕಳನ್ನು ಅಂಬಾತೀರ್ಥಕ್ಕೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ವಾಪಸು ಬರುವಾಗ ಒಂದು ಲೈನಿನ ಮುಂದೆ ನಿಲ್ಲಿಸಿ. ‘ಅಜ್ಜೀ, ನೀ ಯಾವ ಗೋಡೆಗೆ ಕಲ್ಲು ಹೊತ್ತೆ?’ ಎಂದು ಕೇಳಲಿ. ಆಕೆ ಹೇಳಿದ್ದನ್ನು, ಆಕೆಯ ಹೆಸರನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ನಮಗೆ ಶಾಸನ ಕೊರೆಯುವವರು ಯಾರೂ ಬರುವುದಿಲ್ಲ. ಅಜ್ಜಿ ಹೋದರೆ ಆ ಗೋಡೆಯೂ ಮೂಕವಾಗುತ್ತದೆ.